ಬಾಡಿಗೆಯಲ್ಲೇ ಸಾಲ ತೀರುತ್ತಂತೆ!

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಇವತ್ತು ಹೊಟ್ಟೆಯಲ್ಲಿರೋದನ್ನ ಹೇಳಿಬಿಡದಿದ್ದರೆ ನಿದ್ದೆ ಬರೋ ಹಾಗಿಲ್ಲ, ಅದಕ್ಕೇ ಕೂತೆ. ಸ್ವಲ್ಪ ಲೆಕ್ಕ ಇದೆ, ಸಹಿಸಿಕೊಳ್ಳಿ.

ಹೋದ ತಿಂಗಳು ಊರಿಗೆ ಹೋಗಿದ್ದೆ. ರಾತ್ರಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅಪ್ಪ ಮೆಲ್ಲಗೆ ಮಾತು ತೆಗೆದರು. "ನಂದು ಎಫ್‌ಡಿ ಇದೆಯಲ್ಲ, ಅದನ್ನ ಮುರಿಸಿ ಕೊಡ್ತೀನಿ. ಬೆಂಗಳೂರಲ್ಲಿ ಒಂದು ಫ್ಲಾಟ್ ತಗೊಂಡು ಬಾಡಿಗೆಗೆ ಬಿಡು. ಬಾಡಿಗೆಯಲ್ಲೇ ಸಾಲ ತೀರುತ್ತಂತೆ."

ಅಪ್ಪನದು ದಿನಸಿ ಅಂಗಡಿ ಇತ್ತು. ಅದನ್ನು ಮುಚ್ಚಿದಾಗ ಕೈಗೆ ಬಂದ ದುಡ್ಡೇ ಆ ಎಫ್‌ಡಿ. ಅದರ ಬಡ್ಡಿಯಲ್ಲಿ ಅವರಿಬ್ಬರ ಮನೆ ನಡೆಯುತ್ತದೆ. ಜೀವಮಾನದಲ್ಲಿ ಒಂದು ಕೈಗಡವನ್ನೂ ಮಾಡದ ಮನುಷ್ಯ ಮಗನಿಗೆ ಲಕ್ಷಗಟ್ಟಲೆ ಸಾಲ ಮಾಡು ಅಂತಿದ್ದಾರೆ. ನನ್ನ ಸಿಟ್ಟೆಲ್ಲ ಆ ಕೊನೆಯ "ಅಂತೆ" ಮೇಲೆ. ಅದನ್ನು ಅಪ್ಪನಿಗೆ ಹೇಳಿದ್ದು ನಮ್ಮ ನೆಂಟರ ಹುಡುಗ, ನನ್ನ ಹಾಗೇ ಸಾಫ್ಟ್‌ವೇರಿನವನು. ಅವನಿಗೆ ಹೇಳಿದ್ದು ಆಫೀಸಿನ ಸಹೋದ್ಯೋಗಿ. ಆ ಸಹೋದ್ಯೋಗಿಗೆ ಹೇಳಿದ್ದು ಬ್ರೋಕರು: "ಡೌನ್ ಪೇಮೆಂಟ್ ಒಂದು ಮಾಡಿ ಸಾರ್ ಸಾಕು, ಇಎಂಐ ಟೆನೆಂಟ್ ಕಟ್ತಾನೆ!"

ಕಟ್ತಾನಾ? ನೋಡೋಣ ಬನ್ನಿ.

ನಾನೂ ಸುಮ್ಮನೆ ಕೂರಲಿಲ್ಲ, ಕನಕಪುರ ರಸ್ತೆ ಕಡೆ ಒಂದು ಎರಡು ಬೆಡ್‌ರೂಮಿನ ಫ್ಲಾಟ್ ನೋಡಿ ಬಂದೆ. ಬೆಲೆ 80 ಲಕ್ಷ. ಅದೇ ಕಟ್ಟಡದಲ್ಲಿ ಅಂಥದ್ದೇ ಫ್ಲಾಟಿನ ಬಾಡಿಗೆ 25,000. ಬ್ಯಾಂಕಿನವರು ಶೇ. 80 ಅಂದರೆ 64 ಲಕ್ಷ ಕೊಡುತ್ತಾರೆ, ಉಳಿದ 16 ನಮ್ಮದು. ಅದರ ಮೇಲೆ ಸ್ಟಾಂಪ್ ಡ್ಯೂಟಿ, ಸೆಸ್ಸು, 2025ರ ಆಗಸ್ಟ್ ಕೊನೆಯಿಂದ ಶೇ. 1 ಇದ್ದದ್ದು ಶೇ. 2 ಆದ ನೋಂದಣಿ ಶುಲ್ಕ ಎಲ್ಲ ಸೇರಿ ಇನ್ನೂ 6 ಲಕ್ಷ. ಒಟ್ಟು 22 ಲಕ್ಷ. ಅಪ್ಪನ ಎಫ್‌ಡಿ ಅಲ್ಲಿಗೆ ಸ್ವಾಹಾ.

64 ಲಕ್ಷಕ್ಕೆ ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಇಎಂಐ ಸುಮಾರು 55,500. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿಯೇ 45,300, ಅಸಲಿಗೆ ಹೋಗೋದು ಹತ್ತು ಸಾವಿರ ಚಿಲ್ಲರೆ. ಬರೋ ಬಾಡಿಗೆ 25,000! ಇಎಂಐ ಹಾಗಿರಲಿ, ಬಡ್ಡಿಯ ಮುಕ್ಕಾಲು ಭಾಗವೂ ಹುಟ್ಟಲಿಲ್ಲ. ತಿಂಗಳಿಗೆ ಮೂವತ್ತು ಸಾವಿರ ಕೈಯಿಂದ ಹಾಕಬೇಕು. ಮನೆ ಒಂದು ತಿಂಗಳೂ ಖಾಲಿ ಇರಲಿಲ್ಲ, ಗೀಸರ್ ಕೆಡಲಿಲ್ಲ, ಬಾತ್‌ರೂಮ್ ಸೋರಲಿಲ್ಲ ಅಂತ ಇಟ್ಟುಕೊಂಡು ಹೇಳ್ತಿರೋ ಲೆಕ್ಕ ಇದು. ಬಾಡಿಗೆ ವರ್ಷಕ್ಕೆ ಶೇ. 5ರಂತೆ ತಪ್ಪದೇ ಏರಿದರೂ ಅದು ಇಎಂಐ ಮುಟ್ಟೋದು ಹದಿನೇಳು ವರ್ಷಕ್ಕೆ. ಸಾಲ ಇರೋದೇ ಇಪ್ಪತ್ತು ವರ್ಷ!

"ಟ್ಯಾಕ್ಸ್ ಉಳಿಯುತ್ತಲ್ಲ" ಅಂತೀರಾ? ಬಾಡಿಗೆ ಆದಾಯದಲ್ಲಿ ಶೇ. 30 ಬಿಡ್ತಾರೆ, ಬಡ್ಡಿ ಕಳೆಯೋಕೂ ಬಿಡ್ತಾರೆ, ನಿಜ. ಆದರೆ ಆ ಬಾಬ್ತಿನ ನಷ್ಟವನ್ನು ಸಂಬಳದಿಂದ ಕಳೆಯೋದಕ್ಕೆ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದ ಮಿತಿ. ಹೊಸ ಪದ್ಧತಿಯಲ್ಲಿ ಸಂಬಳದಿಂದ ಒಂದು ರೂಪಾಯಿಯೂ ಕಳೆಯೋ ಹಾಗಿಲ್ಲ. "ಬೆಲೆ ಏರುತ್ತಲ್ಲ" ಅಂತೀರಾ? ಏರಬಹುದು, ಏರದೇ ಇರಬಹುದು. ಏರೋದು ನೆಲದ ಬೆಲೆ, ಕಟ್ಟಡ ವರ್ಷ ವರ್ಷ ಹಳೇದಾಗುತ್ತೆ. ಬೆಲೆ ಏರುತ್ತೆ ಅಂತ ಜೂಜಾಡ್ತೀನಿ ಅನ್ನೋರು ಆಡಲಿ, ಅವರಿಷ್ಟ. ಆದರೆ ಅದನ್ನ "ಟೆನೆಂಟ್ ಕಟ್ತಾನೆ" ಅಂತ ಹೇಳಿ ಮಾರಬೇಡಿ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ದಡ್ಡತನದ ಕಥೆ ಆಗ್ತಿತ್ತು. ದುಡ್ಡು ಕಳಕೊಳ್ಳೋದು ಅವರವರ ಹಣೆಬರಹ. ನನಗೆ ಉರಿಯೋದು ಬೇರೆ ಕಾರಣಕ್ಕೆ.

2019ರಲ್ಲಿ ಇಂಜಿನಿಯರಿಂಗ್ ಮುಗಿಸಿ ಬಂದಾಗ ನಾವು ನಾಲ್ಕು ಜನ ಬಿಟಿಎಂ ಲೇಔಟಿನಲ್ಲಿ ಒಂದು ಮನೆ ಹಿಡಿದೆವು. ಬಾಡಿಗೆ 20,000, ಅಡ್ವಾನ್ಸ್ ಹತ್ತು ತಿಂಗಳದ್ದು. ಸಂಬಳವೇ ಕಾಣದ ಹುಡುಗರು ಊರಿಂದ ತಲಾ ಐವತ್ತು ಸಾವಿರ ತರಿಸಿ ಕೊಟ್ಟಿದ್ದೆವು. ಬಿಡುವಾಗ ಓನರ್ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದರು, ಕ್ಲೀನಿಂಗ್ ಅಂತ ಇನ್ನಷ್ಟು. ಉಳಿದದ್ದನ್ನ ಎರಡು ತಿಂಗಳು ಅಲೆಸಿ ಕೊಟ್ಟರು. ಅವತ್ತು ಗೇಟಿನ ಮುಂದೆ ನಿಂತು ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ನನ್ನ ಗೆಳೆಯ.

ಅದೇ ಗೆಳೆಯ 2023ರಲ್ಲಿ ಫ್ಲಾಟ್ ತಗೊಂಡ. ಮೊನ್ನೆ ಅವನ ಬಾಡಿಗೆಯವರು ಖಾಲಿ ಮಾಡಿದರು. ಪೇಂಟಿಂಗಿಗೆ ಅಂತ 26,000 ಹಿಡಿದುಕೊಂಡೆ ಅಂದ.

"ಪೇಂಟ್ ಮಾಡಿಸಿದ್ಯಾ?" ಅಂದೆ.

"ಎಲ್ಲಿ ಮಗಾ, ನಾಲ್ಕೇ ದಿನಕ್ಕೆ ಹೊಸಬರು ಬಂದುಬಿಟ್ರು."

"ಮತ್ತೆ ಆ ದುಡ್ಡು?"

"ಲೋ, ತಿಂಗಳಾ ಮೂವತ್ತು ಸಾವಿರ ಕೈಯಿಂದ ಹಾಕ್ತಿದೀನಿ, ಎಲ್ಲಿಂದ ತರ್ಲಿ? ಎಲ್ರೂ ಹಿಡ್ಕೋತಾರೆ ಬಿಡೋ."

ನನಗೆ ಮಾತೇ ಹೊರಡಲಿಲ್ಲ. ಒಂದೇ ಚಾಪೆಯಲ್ಲಿ ಮಲಗಿದವನು ಕಣ್ರೀ ಇವನು! ಅವನೇನೂ ಕೆಟ್ಟವನಲ್ಲ, ಇವತ್ತಿಗೂ ಕಷ್ಟ ಅಂದರೆ ಮೊದಲು ಓಡಿ ಬರೋನು ಅವನೇ. ಲೆಕ್ಕ ತಪ್ಪಿದ ವ್ಯಾಪಾರಕ್ಕೆ ಕೈ ಹಾಕಿದ್ದಾನೆ, ತೂತು ಮುಚ್ಚೋಕೆ ಕೈಗೆ ಸಿಕ್ಕಿದ್ದು ಇನ್ನೊಬ್ಬರ ಅಡ್ವಾನ್ಸು. ಹತ್ತು ತಿಂಗಳ ಅಡ್ವಾನ್ಸು, ಸುಳ್ಳು ಪೇಂಟಿಂಗು, ರಿಪೇರಿಗೆ ಫೋನ್ ಮಾಡಿದರೆ ಎತ್ತದೇ ಇರೋದು... ಇವೆಲ್ಲ ಆ ಮೂವತ್ತು ಸಾವಿರದ ಮಕ್ಕಳು.

30x40 ಸೈಟಿನಲ್ಲಿ ಕೆಳಗೆ ತಾವಿದ್ದು, ನಿವೃತ್ತಿಯ ದುಡ್ಡಲ್ಲಿ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಬಿಟ್ಟ ಹಿರಿಯರ ಜೊತೆ ನನ್ನ ಜಗಳವಿಲ್ಲ. ಅವರಿಗೆ ಅದು ಊಟ, ಔಷಧಿ. ನನ್ನ ಜಗಳ ನಮ್ಮಂಥವರ ಜೊತೆ. ಕೋಡಿನಲ್ಲಿ ಒಂದು ಬಗ್ ಬಿಡದೆ ಹುಡುಕೋರು ನಾವು, ನಲವತ್ತು ಸಾಲಿನ ಎಕ್ಸೆಲ್ ಹಾಕದೆ ಇಪ್ಪತ್ತು ವರ್ಷಕ್ಕೆ ಸಹಿ ಹಾಕ್ತೀವಿ. ಆಮೇಲೆ "ಇನ್ವೆಸ್ಟರ್" ಅಂತೀವಿ!

ಮನೆ ಬಾಡಿಗೆಗೆ ಬಿಡೋದು ವ್ಯಾಪಾರ. ಮಾಡೋದಾದರೆ ವ್ಯಾಪಾರದ ಹಾಗೆ ಮಾಡಿ. ಬಾಡಿಗೆ ಕನಿಷ್ಠ ಬಡ್ಡಿಯನ್ನಾದರೂ ಹೊರುವಷ್ಟು ದುಡ್ಡು ಕೂಡಿಟ್ಟು ಆಮೇಲೆ ಕೊಳ್ಳಿ. ಖಾಲಿ ಬೀಳೋ ತಿಂಗಳಿಗೆ, ರಿಪೇರಿಗೆ ಬೇರೆ ದುಡ್ಡು ಇಡಿ. ಅಡ್ವಾನ್ಸ್ ಎರಡು ತಿಂಗಳದ್ದು ಸಾಕು. ಇದು ನನ್ನ ಸ್ವಂತ ಮಾತಲ್ಲ, 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಹೇಳಿದ ಮಿತಿಯೇ ಅಷ್ಟು. ಅದು ಬರೀ ಮಾದರಿ, ರಾಜ್ಯಗಳು ತಾವಾಗಿ ತಂದುಕೊಂಡರೆ ಮಾತ್ರ ಕಾನೂನು. ಆದರೆ ನ್ಯಾಯವಾಗಿ ನಡೆಯೋಕೆ ನಮಗೆ ಗೆಜೆಟ್ ಬೇಕಾ? ಮನೆ ಕೊಡುವಾಗ ಫೋಟೋ ತೆಗೆದಿಡಿ, ಬಿಡುವಾಗ ಪಕ್ಕದಲ್ಲಿಟ್ಟು ನೋಡಿ. ಹಿಡಿದುಕೊಂಡ ಪ್ರತಿ ರೂಪಾಯಿಗೂ ರಸೀದಿ ಕೊಡಿ. ಪೇಂಟ್ ಮಾಡಿಸದಿದ್ದರೆ ಪೇಂಟಿನ ದುಡ್ಡು ನಿಮ್ಮದಲ್ಲ. ಇಷ್ಟಕ್ಕೆ ಗಿಟ್ಟೋಲ್ಲ ಅನ್ನಿಸಿದರೆ ಆ ಮನೆ ಕೊಳ್ಳಬೇಡಿ.

ಅಪ್ಪನಿಗೆ ಎಕ್ಸೆಲ್ ತೋರಿಸಲಿಲ್ಲ, ಹಳೇ ಕ್ಯಾಲೆಂಡರಿನ ಹಿಂದೆ ಪೆನ್ನಲ್ಲಿ ಬರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. "ಅಲ್ವೋ, ಇದು ಕೊಂಡ ರೇಟಿಗಿಂತ ಕಮ್ಮಿಗೆ ಸಕ್ಕರೆ ಮಾರಿದ ಹಾಗಾಯ್ತು. ಹಾಗೆ ಮಾರೋನು ಒಂದು ದಿನ ತಕ್ಕಡಿಯಲ್ಲಿ ಕೈ ಆಡಿಸಲೇಬೇಕು" ಅಂದರು.

ಎಫ್‌ಡಿ ಹಾಗೇ ಇದೆ. ನಾನಿನ್ನೂ ಬಾಡಿಗೆ ಮನೆಯಲ್ಲೇ ಇದ್ದೀನಿ. ಗೆಳೆಯನಿಗೂ ಆ 26,000 ವಾಪಸ್ ಕೊಡು ಅಂತ ಹೇಳಿದ್ದೀನಿ, ಅವತ್ತಿಂದ ಫೋನ್ ಎತ್ತುತ್ತಿಲ್ಲ. ಲೋ, ಇದನ್ನ ಓದ್ತೀಯ ಅಂತ ಗೊತ್ತು. ಮೊದಲು ಆ ದುಡ್ಡು ಕೊಟ್ಟು ಬಾ, ಆಮೇಲೆ ಕಾಫಿ ನಂದು.

ನೀವೇನಂತೀರಿ?