ಮಣ್ಣು ರಸ್ತೆಗೆ, ಗುಂಡಿ ಕೇರಿಗೆ



ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದ ಬಂದು ಹಾಸ್ಟೆಲುಗಳಲ್ಲಿ ಉಳಿದಿರುವ ನಾವೆಲ್ಲ ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಾಚೆ ಕೆಂಪಗೆ ಬಾಯಿ ಬಿಟ್ಟ ಗುಂಡಿಗಳನ್ನು ನೋಡಿದ್ದೇವೆ. ನೋಡಿ ಸುಮ್ಮನಾಗಿದ್ದೇವೆ. ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ಅಗಲ ಮಾಡುವ ಕೆಲಸ ಬಂತು. ಭದ್ರಾ ಮೇಲ್ದಂಡೆಯ ಕಾಲುವೆ ಬಂತು, ಅಜ್ಜಂಪುರದ ಗುಡ್ಡ ಕೊರೆದ ಸುರಂಗ ಬಂತು. ಬರಲಿ, ಯಾರು ಬೇಡ ಅಂದ್ರು? ಬಯಲುಸೀಮೆಗೆ ನೀರು ಬೇಡ, ರಸ್ತೆ ಬೇಡ ಅನ್ನುವಷ್ಟು ದಡ್ಡರಲ್ಲ ನಾವು. ಆದರೆ ರಸ್ತೆ ಎತ್ತರಿಸೋಕೆ ಗ್ರಾವಲ್ ಮಣ್ಣು ಆಕಾಶದಿಂದ ಉದುರೋದಿಲ್ಲ. ಎಲ್ಲೋ ಒಂದು ಕಡೆ ನೆಲ ಬಗೆಯಲೇಬೇಕು. ಆ ‘ಎಲ್ಲೋ ಒಂದು ಕಡೆ’ ಯಾವಾಗಲೂ ಕೇರಿಯ ಹಿಂದುಗಡೆಯೇ ಯಾಕೆ ಇರುತ್ತೆ? ಬಗೆದು ಹೋದಮೇಲೆ ಮುಚ್ಚೋರು ಯಾರು?

ಮೊದಲು ನೆಲದ ಮಾತು. ನಮ್ಮ ಅಪ್ಪಂದಿರು ಗೋಮಾಳದ ಮೂಲೆಯಲ್ಲಿ ರಾಗಿ, ಹುರುಳಿ ಚೆಲ್ಲಿಕೊಂಡು ಬಗರ್ ಹುಕುಂ ಅರ್ಜಿ ಹಾಕಿದರು. ನಮೂನೆ 50 ಮುಗಿದು ನಮೂನೆ 53 ಬಂತು, 53 ಮುಗಿದು 57 ಬಂತು. ಅರ್ಜಿಯ ನಂಬರು ಏರಿತು, ಅಪ್ಪನ ಬೆನ್ನು ಬಾಗಿತು. ಕೇಳಿದರೆ ಉತ್ತರ ಸಿದ್ಧ: ‘ನೂರು ದನಕ್ಕೆ 12 ಹೆಕ್ಟೇರು ಗೋಮಾಳ ಉಳಿಸಬೇಕು ಕಣಯ್ಯಾ, ಭೂಕಂದಾಯ ನಿಯಮ ಹೇಳುತ್ತೆ.’ ಸರಿ ಸ್ವಾಮಿ, ದನಗಳು ಮೇಯಲಿ. ಆದರೆ ಜೆಸಿಬಿ ಬಂದ ದಿನ ಆ ದನಗಳು ಎಲ್ಲಿ ಹೋದವು? ನಾವು ಉಳೋಕೆ ಕೇಳಿದಾಗ ಗೋಮಾಳವಾಗಿದ್ದ ನೆಲ ಕಂಟ್ರಾಕ್ಟರು ಕೇಳಿದಾಗ ಸರ್ಕಾರಿ ಬೀಳು ಆಗೋದು ಯಾವ ನಿಯಮದಲ್ಲಿ? (ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಕ್ಕೆ ಮೀಸಲು ನೆಲ ಇದೆ. ಅದು ಇರಲೇಬೇಕು. ಅದಕ್ಕೆ ಅರ್ಜಿ ಬರೆಯೋದು ಗೊತ್ತಿಲ್ಲದಿದ್ದರೂ ನೆಲ ಸಿಕ್ಕಿತು!)

ಇನ್ನು ತಪಾಸಣೆ ಅನ್ನುವ ನಾಟಕ. ಜೀಪು ಬರುತ್ತೆ. ಎಷ್ಟು ಮಣ್ಣು ಹೋಯ್ತು, ಪರ್ಮಿಟ್ ಇತ್ತೋ ಇಲ್ಲವೋ, ರಾಜಧನ ಕಟ್ಟಿದರೋ ಇಲ್ಲವೋ, ಎಲ್ಲ ಲೆಕ್ಕ. ಅಂದರೆ ಊರು ಬಿಟ್ಟು ಹೋದ ಮಣ್ಣಿಗೆ ಲೆಕ್ಕವಿದೆ. ಊರಲ್ಲಿ ಉಳಿದ ಗುಂಡಿಗೆ ಇಲ್ಲ. ಖಜಾನೆಗೆ ಬರೋದು ಹೋದ ಮಣ್ಣಿನಿಂದ, ಹೆಣ ಏಳೋದು ಉಳಿದ ಗುಂಡಿಯಿಂದ. ಮಳೆಗಾಲದಲ್ಲಿ ಅದು ತುಂಬಿಕೊಂಡು ಕೆರೆಯ ಹಾಗೆ ಕಾಣುತ್ತೆ. ಕೇರಿಯ ಹೈಕಳು ಈಜೋಕೆ ಇಳಿಯುತ್ತವೆ, ಅವ್ವಂದಿರು ಬಟ್ಟೆ ಒಗೆಯೋಕೆ ಇಳಿಯುತ್ತಾರೆ. ಕೆರೆಗಾದರೆ ದಡ ಇದೆ, ಸೋಪಾನ ಇದೆ. ಈ ಗುಂಡಿಗೆ ಗೋಡೆಯಂಥ ಕಡಿದು, ಕಾಲಿಟ್ಟರೆ ಕುಸಿಯುವ ಅಂಚು. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟೋಕೆ ಬಾಬಾಸಾಹೇಬರು ದಂಡು ಕಟ್ಟಿಕೊಂಡು ಹೋಗಬೇಕಾಯ್ತು. ಈ ಗುಂಡಿಯ ನೀರನ್ನು ಮಾತ್ರ ಯಾರೂ ನಮಗೆ ಮುಟ್ಟಬೇಡಿ ಅನ್ನೋದಿಲ್ಲ!

ಕಾನೂನು ಇಲ್ಲವಾ? ಇದೆ, ತೂತುಗಳ ಸಮೇತ ಇದೆ. 1952ರ ಗಣಿ ಕಾಯ್ದೆ ಗ್ರಾವಲ್, ಮೊರಂ ತೆಗೆಯುವ ಬಯಲು ಗಣಿ 6 ಮೀಟರಿಗಿಂತ ಆಳ ಹೋಗದಿದ್ದರೆ, 50ಕ್ಕಿಂತ ಹೆಚ್ಚು ಕೂಲಿಗಳಿಲ್ಲದಿದ್ದರೆ, ಸಿಡಿಮದ್ದು ಬಳಸದಿದ್ದರೆ ಅದಕ್ಕೆ ಬಹುಪಾಲು ವಿನಾಯಿತಿ ಕೊಟ್ಟುಬಿಟ್ಟಿತ್ತು. ಆರು ಮೀಟರು ಅಂದರೆ ಸುಮಾರು ಇಪ್ಪತ್ತಡಿ. ಮೂರಾಳು ಮುಳುಗುವ ಗುಂಡಿ ಕಾನೂನಿನ ಕಣ್ಣಿಗೆ ಗುಂಡಿಯೇ ಅಲ್ಲ! ಅದಕ್ಕಿಂತ ಆಳ ಹೋದರೆ 1961ರ ನಿಯಮಾವಳಿ ಏನೆಂದಿತ್ತು? ಇಂಥ ಸಡಿಲ ನೆಲದಲ್ಲಿ ಬದಿಗಳು 45 ಡಿಗ್ರಿಗಿಂತ ಕಡಿದಾಗಿರಬಾರದು, ಇಲ್ಲವೆ ಒಂದೂವರೆ ಮೀಟರು ಎತ್ತರದ ಮೆಟ್ಟಿಲು ಬಿಡುತ್ತಾ ಅಗೆಯಬೇಕು. ಮೆಟ್ಟಿಲು ಬಿಟ್ಟ ಗ್ರಾವಲ್ ಗುಂಡಿಯನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದರೆ ದಯವಿಟ್ಟು ನಮಗೂ ತೋರಿಸಿ, ಕಾಯಿ ಒಡೆದು ಬರ್ತೀವಿ.

ಇನ್ನೊಂದು ಉಪಾಯ, ಸಣ್ಣದಾಗಿ ತೋರಿಸಿಕೊಳ್ಳೋದು. ದೊಡ್ಡ ಗುತ್ತಿಗೆಯನ್ನು ಚೂರು ಮಾಡಿ ಐದು ಹೆಕ್ಟೇರಿಗಿಂತ ಕಡಿಮೆ ಅಂತ ಪರಿಸರ ಅನುಮತಿಯಿಂದ ತಪ್ಪಿಸಿಕೊಳ್ಳೋದು. ಇದಕ್ಕೆ ಸುಪ್ರೀಂ ಕೋರ್ಟು 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಮೊಕದ್ದಮೆಯಲ್ಲಿ ತಡೆ ಹಾಕಿತು: ಸಣ್ಣ ಗುತ್ತಿಗೆಗೂ ಅನುಮತಿ ಬೇಕು. ಆಮೇಲೆ 2020ರ ಮಾರ್ಚ್ 28, ಲಾಕ್‌ಡೌನಿನಲ್ಲಿ ದೇಶದ ಕೂಲಿಗಳೆಲ್ಲ ನಡೆದುಕೊಂಡು ಊರಿಗೆ ಹೋಗುತ್ತಿದ್ದ ದಿನ, ದೆಹಲಿ ಸದ್ದಿಲ್ಲದೆ ಒಂದು ಅಧಿಸೂಚನೆ ಹೊರಡಿಸಿತು. ರಸ್ತೆ, ಪೈಪ್‌ಲೈನಿನಂಥ ಕೆಲಸಕ್ಕೆ ಸಾಧಾರಣ ಮಣ್ಣು ತೆಗೆಯಲು ಅನುಮತಿಯೇ ಬೇಡವಂತೆ. ಕೋರ್ಟು ಅದನ್ನು ರದ್ದು ಮಾಡಿದ್ದು 2024ರ ಮಾರ್ಚಿನಲ್ಲಿ. ನಡುವಿನ ನಾಲ್ಕು ವರ್ಷ ಬಗೆದ ನೆಲವನ್ನು ಯಾವ ತೀರ್ಪು ತುಂಬಿಸುತ್ತೆ?

ನಮ್ಮದೇ ಜಿಲ್ಲೆಯ ಕುದುರೆಮುಖದಲ್ಲಿ ಗಣಿ ನಿಂತದ್ದು 2005ರ ಕೊನೆಗೆ, ಅದೂ ಸುಪ್ರೀಂ ಕೋರ್ಟು ಹೇಳಿದ ಮೇಲೆ. ಬಳ್ಳಾರಿಯಲ್ಲಿ ಗಣಿಗೊಂದು ಪುನಶ್ಚೇತನ ಯೋಜನೆ ಮಾಡಿಸಿದ್ದೂ ಕೋರ್ಟೇ. ಕಾಡಿಗೆ, ಕಬ್ಬಿಣಕ್ಕೆ ವಕೀಲರು ಸಿಗುತ್ತಾರೆ. ಕೇರಿಯ ಹಿಂದಿನ ಎರಡೆಕರೆ ಗುಂಡಿಗೆ ಯಾರು ಸಿಗುತ್ತಾರೆ? ಸತ್ತ ಮೇಲೆ ಎಲ್ಲರೂ ಬರುತ್ತಾರೆ, ಆ ಮಾತು ಬೇರೆ. 2021ರ ಜನವರಿಯಲ್ಲಿ ಪಕ್ಕದ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಗೆ ತಂದ ಸಿಡಿಮದ್ದು ಸಿಡಿಯಿತು, ಮುಂದಿನ ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಸಿಡಿದು ಆರು ಜನ ಸತ್ತರು. ಆಗ ರಾಜ್ಯದ ತುಂಬ ತಪಾಸಣೆಯೋ ತಪಾಸಣೆ! ಗ್ರಾವಲ್ ಗುಂಡಿ ಸಿಡಿಯೋದಿಲ್ಲ. ಸದ್ದಿಲ್ಲದೆ ಒಂದೊಂದೇ ಮಗುವನ್ನು ನುಂಗುತ್ತೆ. ಅದಕ್ಕೇ ಜೀಪು ಬರೋದಿಲ್ಲ.

ಮಂಜೂರಾದ ನೆಲ ಇರುವ ಮನೆಗಳ ಹುಡುಗರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ‘ಬರೀ ಮೇಲಿನ ಮಣ್ಣು ತಗೋತೀವಿ, ಎರಡು ವರ್ಷದ ಕರಾರು, ನೆಲ ನಿಮ್ಮದೇ’ ಅಂತ ಬಿಳಿ ಅಂಗಿಯವನು ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಳ್ಳೋಕೆ ಬರ್ತಾನೆ. 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಪರಭಾರೆ ಅಂದರೆ ಮಾರಾಟ ಮಾತ್ರ ಅಲ್ಲ, ಗುತ್ತಿಗೆಯೂ ಸೇರಿದೆ. ಸರ್ಕಾರದ ಮುಂಚಿನ ಅನುಮತಿ ಇಲ್ಲದ ಆ ಕರಾರು ಬರೀ ಕಾಗದ. ‘ತಡವಾಯ್ತು, ಕೇಸು ನಿಲ್ಲಲ್ಲ’ ಅನ್ನುವ ನೆಪವನ್ನು ತಡೆಯೋಕೆ ಅಂತಲೇ 2023ರ ತಿದ್ದುಪಡಿ ಬಂತು. ಮೇಲುಮಣ್ಣು ಹೋದ ಹೊಲದಲ್ಲಿ ರಾಗಿ ಇರಲಿ, ಎಕ್ಕವೂ ನೆಟ್ಟಗೆ ಏಳೋದಿಲ್ಲ. ಪಹಣಿಯಲ್ಲಿ ಹೆಸರು ಉಳಿದು ಪ್ರಯೋಜನ ಏನು?

ನಮ್ಮ ಬೇಡಿಕೆ ಬೇಲಿ ಹಾಕಿ, ಬೋರ್ಡು ನೆಡಿ ಅನ್ನುವುದಲ್ಲ. ಬಗೆದವನ ಖರ್ಚಿನಲ್ಲೇ ಗುಂಡಿ ತುಂಬಿಸಿ, ಮೇಲುಮಣ್ಣು ಹಾಸಿ, ಆ ನೆಲವನ್ನು ಆ ಊರಿನ ಭೂಹೀನ ದಲಿತರ ಹೆಸರಿಗೆ ಮಾಡಿ. ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ 2015ರ ತಿದ್ದುಪಡಿ ತಂದದ್ದು ಗಣಿಯಿಂದ ನೊಂದವರಿಗಾಗಿ. ಆ ಹಣದ ಲೆಕ್ಕವನ್ನೂ ಕೇರಿಯ ಮುಂದೆ ಓದಿ.

ಅಲ್ಲಿಯತನಕ ತಪಾಸಣೆ ನಾವೇ ಮಾಡೋಣ. ಪರಿಸರ ಅನುಮತಿ ಪಡೆದವನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲಿಸಿದ ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ, ಮೂವತ್ತು ದಿನದಲ್ಲಿ ಕೊಡಬೇಕು. ಕಾಗದ ಮಾತ್ರವಲ್ಲ, ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವ ಹಕ್ಕನ್ನೂ 2005ರ ಆ ಕಾಯ್ದೆ ಕೊಟ್ಟಿದೆ. ಈ ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯ ಗುಂಡಿಯ ಸರ್ವೆ ನಂಬರು, ಉದ್ದ, ಅಗಲ, ಆಳ ಬರೆದುಕೊಂಡು ಬನ್ನಿ. ನೀರು ತುಂಬಿದ್ದರೆ ಇಳಿಯಬೇಡಿ, ಹಗ್ಗಕ್ಕೆ ಕಲ್ಲು ಕಟ್ಟಿ ಬಿಡಿ. ಅಳತೆ ಟೇಪು ಇಲ್ಲ ಅನ್ನಬೇಡಿ: ಐದಡಿಗೊಂದು ಮೆಟ್ಟಿಲು ಇರಬೇಕಿತ್ತು, ಐದಡಿ ಅಂದರೆ ಹೆಚ್ಚುಕಡಿಮೆ ನಮ್ಮ ಅವ್ವಂದಿರ ಎತ್ತರ.