ಮತ ದಟ್ಟವಾಗಿರುವಲ್ಲಿ ಆಸ್ಪತ್ರೆ

ಬಯಲುಸೀಮೆಯಲ್ಲಿ 1,20,000 ಜನರಿಗೊಂದು ಸಮುದಾಯ ಆರೋಗ್ಯ ಕೇಂದ್ರ, ಗುಡ್ಡಗಾಡಿನಲ್ಲಿ 80,000 ಜನರಿಗೊಂದು; ಕೇಂದ್ರ ಸರ್ಕಾರವೇ ಒಪ್ಪಿರುವ ಮಾನದಂಡವಿದು. ಆದರೆ ಮಂಜೂರಾತಿಯ ಕಡತಕ್ಕೆ ಚಲನೆ ಬರುವುದು ಜನಪ್ರತಿನಿಧಿಗಳ ಒತ್ತಡದಿಂದ. ಒತ್ತಡ ಹುಟ್ಟುವುದು ಮತಗಳು ದಟ್ಟವಾಗಿರುವೆಡೆ. ತೋಟಕ್ಕೊಂದು ಮನೆಯಿರುವ ಮಲೆನಾಡಿಗೆ ಆ ದಟ್ಟಣೆ ಎಲ್ಲಿಯದು?

ಬಂದ ಹಣವೂ ಮೊದಲು ಕಟ್ಟಡಕ್ಕೆ ಸಲ್ಲುತ್ತದೆ. ಕಟ್ಟಡಕ್ಕೆ ಗುತ್ತಿಗೆದಾರನುಂಟು, ಶಂಕುಸ್ಥಾಪನೆಯ ಕಲ್ಲುಂಟು. ಪ್ರಸೂತಿ ತಜ್ಞರ ಹುದ್ದೆ ತುಂಬಿದರೆ ಯಾರ ಹೆಸರನ್ನೂ ಕೆತ್ತಿಸಲಾಗದು! ನಾಟಿಯಿಲ್ಲದ ಗದ್ದೆಗೆ ಬೇಲಿ ಹಾಕಿದಂತಾಯಿತು.

ಮಂಗನ ಕಾಯಿಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು 1957ರಲ್ಲಿ. ಆರು ದಶಕ ಕಳೆದು, 2019ರಲ್ಲಿ, ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದೇ ಕಾಯಿಲೆ ಜೀವಗಳನ್ನು ಬಲಿ ಪಡೆಯಿತು. ಉಣುಗು ಮತದಾರರ ಪಟ್ಟಿ ನೋಡಿ ಕಚ್ಚುವುದಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಹೊಸ ಕಟ್ಟಡ ಕೇಳುವುದು ಬೇಡ. ನಮ್ಮ ಕೇಂದ್ರದಲ್ಲಿ ಖಾಲಿಯಿರುವ ಹುದ್ದೆಗಳ ಪಟ್ಟಿಯನ್ನು ಓದಿ, ಅದನ್ನು ನಡಾವಳಿಯಲ್ಲಿ ದಾಖಲಿಸುವಂತೆ ಪಟ್ಟು ಹಿಡಿಯೋಣ.