ಉಸಿರೆಳೆದು ಬಿಡಿ ಎನ್ನುವವರಿಗೆ

ಮಳೆಗಾಲ ಬಂತೆಂದರೆ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಕಾರುಗಳ ಸಾಲು. ಬಂಡೆಯಿಂದ ಬೀಳುವ ನೀರಿನ ಮುಂದೆ ನಿಂತು ಫೋಟೊ ಹೊಡೆಸಿಕೊಳ್ಳುವವರನ್ನು ಕೇಳಿ ನೋಡಿ, ಯಾಕೆ ಬಂದ್ರಿ ಸ್ವಾಮಿ ಅಂತ. 'ಸ್ವಲ್ಪ ಸ್ಟ್ರೆಸ್ ಇಳಿಸಿಕೊಳ್ಳೋಣ ಅಂತ' ಎನ್ನುತ್ತಾರೆ. ಇಳಿಸಿಕೊಳ್ಳಲಿ, ನಮ್ಮದೇನೂ ತಕರಾರಿಲ್ಲ. ಆದರೆ ಆ ನೀರು ಅಲ್ಲಿಗೇ ನಿಲ್ಲುವುದಿಲ್ಲ. ಕೆಳಗೆ ಇಳಿದು ಮೃತ್ಯುಂಜಯ ನದಿಯಾಗುತ್ತದೆ. 2019ರ ಆಗಸ್ಟಿನಲ್ಲಿ ಗುಡ್ಡಗಳು ಜರಿದಾಗ ಅದೇ ನದಿ ಮರ, ಕಲ್ಲು, ಕೆಸರು ಹೊತ್ತು ತಂದು ಕೊಳಂಬೆಯ ಮನೆ-ತೋಟಗಳಿಗೆ ತುಂಬಿತು. ಘಾಟಿ ರಸ್ತೆ ವಾರಗಟ್ಟಲೆ ಮುಚ್ಚಿತು. ಅಂಥದ್ದನ್ನು ಕಂಡವರು ಪ್ರತಿ ಆಷಾಢದಲ್ಲೂ ರಾತ್ರಿ ನಿದ್ದೆಗೆಟ್ಟು ಹೊಳೆಯ ಸದ್ದು ಕೇಳುತ್ತ ಕೂರುತ್ತಾರೆ.

ಮೇಲೆ ನಿಂತವನಿಗಿರುವುದು ಸ್ಟ್ರೆಸ್. ಕೆಳಗೆ ಕೂತವಳಿಗೆ? ಅವಳಿಗೆ ಆ ಪದವನ್ನೂ ಕೊಡಲಿಲ್ಲ. ಅವಳದ್ದು 'ಹೆದರಿಕೆ', ಹೆಚ್ಚೆಂದರೆ 'ಪಿರ್ಕಿ'. ಅವಳ ಗಂಡನದ್ದು 'ಕುಡಿತ'. ರೋಗದ ಹೆಸರಿನಲ್ಲೂ ಜಾತಿ ಇದೆ, ಮಾರಾಯ್ರೆ!

ಈಗೀಗ ನಮ್ಮ ಕಾಲನಿಗಳಿಗೂ ಶಿಬಿರಗಳು ಬರುತ್ತಿವೆ. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಾರೆ, ಬೆರಳು ಚುಚ್ಚಿ ಶುಗರು ನೋಡುತ್ತಾರೆ. ಆಮೇಲೆ ಭಾಷಣ: ಟೆನ್ಶನ್ ಮಾಡ್ಕೋಬೇಡಿ, ಕಣ್ಣು ಮುಚ್ಚಿ, ಉಸಿರೆಳೆದು ಬಿಡಿ. ಉಸಿರಾಟದಿಂದ ಸ್ವಲ್ಪ ಹೊತ್ತು ಎದೆ ಬಡಿತ ಇಳಿಯುವುದು ನಿಜ, ನಾವದನ್ನು ಹೀಗಳೆಯುವುದಿಲ್ಲ. ಆದರೆ ಈ ಭಾಷಣ ಮಾಡುವವರಿಗೆ ನಮ್ಮದೊಂದು ಪ್ರಶ್ನೆ ಇದೆ. ಅದಕ್ಕೆ ಮೊದಲು ಮೈಯೊಳಗೆ ಏನು ನಡೆಯುತ್ತದೆಂದು ನೋಡೋಣ. ವಿಜ್ಞಾನ ಯಾರಪ್ಪನ ಆಸ್ತಿಯೂ ಅಲ್ಲ.

ತೋಟಕ್ಕೆ ಆನೆ ನುಗ್ಗಿತು ಅಂದುಕೊಳ್ಳಿ. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಮೆದುಳಿನಿಂದ ಅಪ್ಪಣೆ ಹೋಗುತ್ತದೆ. ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ, ಹಿಂದೆಯೇ ಕಾರ್ಟಿಸಾಲ್. ಎದೆ ಬಡಿದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಓಡುವ ಕಾಲುಗಳಿಗಾಗಿ ಬಿಡುತ್ತದೆ. ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಇದು ರೋಗವಲ್ಲ, ಜೀವ ಉಳಿಸುವ ಉಪಾಯ. ಆನೆ ಕಾಡಿಗೆ ಹೋಯಿತು, ಸ್ವಲ್ಪ ಹೊತ್ತಿಗೆ ಎಲ್ಲವೂ ಇಳಿಯಿತು.

ಆದರೆ ಫಾರೆಸ್ಟಿನವರ ನೋಟಿಸು ಆನೆಯಲ್ಲ. ಅದು ಹೋಗುವುದಿಲ್ಲ. ಧಣಿಯ ಸಾಲ ಹೋಗುವುದಿಲ್ಲ. ಕೋರ್ಟಿನ ವಾಯಿದೆ ಹೋಗುವುದಿಲ್ಲ. ಕಾರ್ಟಿಸಾಲ್ ತಿಂಗಳು, ವರ್ಷ ಏರಿಯೇ ಇದ್ದರೆ ರಕ್ತದ ಸಕ್ಕರೆ ಇಳಿಯುವುದಿಲ್ಲ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ರಕ್ತನಾಳಗಳು ಬಿರುಸಾಗುತ್ತವೆ, ನಿದ್ದೆ ಕೆಡುತ್ತದೆ, ಗಾಯ ನಿಧಾನವಾಗಿ ಮಾಯುತ್ತದೆ, ಸೋಂಕಿನೆದುರು ಮೈ ಸೋಲುತ್ತದೆ. ಹ್ಯಾನ್ಸ್ ಸೆಲ್ಯೆ 1936ರಲ್ಲೇ ಇದರ ಮೊದಲ ಸುಳಿವು ಕೊಟ್ಟ. ಇಲಿಗಳಿಗೆ ಯಾವ ಬಗೆಯ ಹಿಂಸೆ ಕೊಟ್ಟರೂ ಅವುಗಳ ಅಡ್ರಿನಲ್ ಗ್ರಂಥಿ ಊದಿ, ಹೊಟ್ಟೆಯಲ್ಲಿ ಹುಣ್ಣಾಗುತ್ತಿತ್ತು. ನಮ್ಮ ಅಜ್ಜಿಯಂದಿರು 'ಕೊರಗಿ ಕೊರಗಿ ಸತ್ತ' ಎನ್ನುತ್ತಿದ್ದರಲ್ಲ, ಅದು ಬರೀ ಮಾತಲ್ಲ.

ಇನ್ನು ಲಂಡನ್ನಿನ ಸರ್ಕಾರಿ ನೌಕರರ ಕತೆ ಕೇಳಿ. 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನದಲ್ಲಿ ಮೈಕಲ್ ಮಾರ್ಮಟ್ ಮತ್ತು ಜೊತೆಯವರು ಕಂಡದ್ದು: ಹೃದಯದ ಕಾಯಿಲೆಯಿಂದ ಹೆಚ್ಚು ಸಾಯುತ್ತಿದ್ದವರು ತಲೆ ತುಂಬ ಜವಾಬ್ದಾರಿ ಹೊತ್ತ ದೊಡ್ಡ ಸಾಹೇಬರಲ್ಲ. ತೀರಾ ಕೆಳಗಿನ ದರ್ಜೆಯವರು ಮೇಲಿನವರಿಗಿಂತ ಮೂರು ಪಟ್ಟಿಗೂ ಹೆಚ್ಚು ಸಾಯುತ್ತಿದ್ದರು. ಸಿಗರೇಟು, ಬಿಪಿ, ಕೊಬ್ಬು ಎಲ್ಲ ಲೆಕ್ಕ ಹಾಕಿ ಕಳೆದರೂ ಅಂತರ ಪೂರ್ತಿ ಅಳಿಯಲಿಲ್ಲ. 1985ರಿಂದ ನಡೆದ ಎರಡನೆಯ ಅಧ್ಯಯನ ಬೆರಳು ತೋರಿಸಿದ್ದು ಇನ್ನೊಂದು ಕಡೆಗೆ: ತನ್ನ ಕೆಲಸದ ಮೇಲೆ ತನಗೇ ಅಧಿಕಾರವಿಲ್ಲದಿರುವುದು. ಹೊಟ್ಟೆಗೆ ಬಟ್ಟೆಗೆ ಕೊರತೆಯಿಲ್ಲದ ಗುಮಾಸ್ತರ ಗತಿಯೇ ಹೀಗಾದರೆ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಸಾವಿರ ಬೀಡಿಗೆ ಇಷ್ಟೆಂದು ಕಟ್ಟಿ, ಬ್ರಾಂಚಿನಲ್ಲಿ ಅವನು ಎಷ್ಟು ಬೀಡಿ ಎತ್ತಿ ಬಿಸಾಡುತ್ತಾನೋ ಎಂದು ಉಸಿರು ಬಿಗಿಹಿಡಿದು ನಿಲ್ಲುವ ಬೆಳ್ತಂಗಡಿ-ಬಂಟ್ವಾಳದ ಹೆಂಗಸರ ಎದೆಯನ್ನು ಅಳೆದವರು ಯಾರು?

ಅಮೆರಿಕದ ಅರ್ಲೀನ್ ಜೆರೊನಿಮಸ್ 1992ರಲ್ಲಿ ಕಪ್ಪು ಹೆಂಗಸರ ಬಗ್ಗೆ ಬರೆಯುತ್ತ, ಅವಮಾನ ಮತ್ತು ಅಭಾವಗಳು ಮೈಯನ್ನು ವಯಸ್ಸಿಗೆ ಮೊದಲೇ ಸವೆಸುತ್ತವೆ ಎಂದರು. ಮಳೆ-ಗಾಳಿಗೆ ಬಂಡೆ ಸವೆಯುವುದಕ್ಕೆ ಇಂಗ್ಲಿಷಿನಲ್ಲಿರುವ ಪದವನ್ನೇ ಅದಕ್ಕೆ ಇಟ್ಟರು. ಈ ಮಾತು ನಮ್ಮ ಕೊರಗರಿಗೆ ಬೇರೆ ಅರ್ಥಹೇಳಬೇಕೆ? ಮೇಲ್ಜಾತಿಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರ ಕೈಗಿಟ್ಟು, ನಿಮ್ಮ ರೋಗ ಅವರಿಗೆ ಹೋಗಲಿ ಎಂದು ಹರಸಿದ ನಾಡು ಇದು. ಆ ಅಜಲು ಪದ್ಧತಿಯನ್ನು ನಿಷೇಧಿಸಲು ಕಾನೂನು ಬಂದದ್ದು 2000ದಲ್ಲಿ! 2011ರ ಜನಗಣತಿಯಲ್ಲಿ ಕರ್ನಾಟಕದ ಕೊರಗರು ಹದಿನೈದು ಸಾವಿರವೂ ಇರಲಿಲ್ಲ. ಅವರು ತಿಂದದ್ದು ಅನ್ನವಲ್ಲ, ಊರಿನ ರೋಗವನ್ನೇ.

ಇನ್ನು ಕುತ್ಲೂರು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದಾಗ ತಲೆಮಾರುಗಳಿಂದ ಅಲ್ಲಿದ್ದ ಮಲೆಕುಡಿಯರು ತಮ್ಮ ಅಂಗಳದಲ್ಲೇ ಅತಿಕ್ರಮಣಕಾರರಾದರು. ಆ ಊರಿನ ವಿಠಲ ಮಲೆಕುಡಿಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಹುಡುಗ. 2012ರ ಮಾರ್ಚಿನಲ್ಲಿ ಅವನನ್ನೂ ಅವನ ತಂದೆಯನ್ನೂ ನಕ್ಸಲರ ನಂಟು ಎಂದು ಹಿಡಿದೊಯ್ದರು. ಸಿಕ್ಕ 'ಸಾಕ್ಷಿ'ಗಳಲ್ಲಿ ಭಗತ್ ಸಿಂಗನ ಬಗೆಗಿನ ಪುಸ್ತಕ, ಪತ್ರಿಕೆಯ ತುಣುಕುಗಳು ಇದ್ದವು. ತಿಂಗಳುಗಟ್ಟಲೆ ಜೈಲು, ಆಮೇಲೆ ಜಾಮೀನು, ಆಮೇಲೆ ವಾಯಿದೆ, ಮತ್ತೆ ವಾಯಿದೆ. ಮಂಗಳೂರಿನ ನ್ಯಾಯಾಲಯ ಅಪ್ಪ-ಮಗ ಇಬ್ಬರನ್ನೂ ಖುಲಾಸೆ ಮಾಡಿದ್ದು 2021ರ ಅಕ್ಟೋಬರಿನಲ್ಲಿ. ಒಂಬತ್ತೂವರೆ ವರ್ಷ! ತೀರ್ಪು ಆರೋಪವನ್ನು ತೆಗೆಯಿತು. ಒಂಬತ್ತೂವರೆ ವರ್ಷ ಬಾಗಿಲು ತಟ್ಟಿದಾಗಲೆಲ್ಲ ಬೆಚ್ಚಿಬೀಳಬೇಕಾದ ಮನೆಯ ಮೈಗಳಿಂದ ಅದನ್ನು ತೆಗೆಯುವ ತೀರ್ಪು ಯಾವ ನ್ಯಾಯಾಲಯದಲ್ಲಿದೆ? ಆ ಅಪ್ಪನಿಗೂ ಉಸಿರೆಳೆದು ಬಿಡು ಎನ್ನುತ್ತೀರಾ? ಇದೇ ನಮ್ಮ ಪ್ರಶ್ನೆ.

ಬಾಂಜಾರುಮಲೆ ನೆರಿಯ ಗ್ರಾಮದ ಮಲೆಕುಡಿಯರ ನೆಲೆ, ಚಾರ್ಮಾಡಿಯ ಮಗ್ಗುಲಲ್ಲೇ ಇದೆ. 2024ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿನ 111 ಮತದಾರರೂ ಬಂದು ಮತ ಹಾಕಿದರು. ನೂರಕ್ಕೆ ನೂರು ಎಂದು ಎಲ್ಲರೂ ಕೊಂಡಾಡಿದರು. ಸರ್ಕಾರ ಮನಸ್ಸು ಮಾಡಿದರೆ ಮತಯಂತ್ರ ಮಲೆಗೆ ಹತ್ತುತ್ತದೆ. ಆದರೆ ಈ ತಾಲೂಕಿನ ಎಷ್ಟು ಮಲೆಗಳಲ್ಲಿ ಕಾಯಿಲೆಯವರನ್ನು ಇಂದಿಗೂ ಹೆಗಲ ಮೇಲೆ ಹೊತ್ತು ಇಳಿಸಬೇಕು? ಮಳೆ ಜೋರಾದರೆ ಹೊಳೆ ದಾಟಬಹುದೋ ಇಲ್ಲವೋ ಎಂದು ಲೆಕ್ಕ ಹಾಕುತ್ತ ಬಸುರಿ ದಿನ ಎಣಿಸಬೇಕು? ಆ ಎಣಿಕೆಯೇ ಅವಳ ಬಿಪಿ, ಡಾಕ್ಟ್ರೆ. ಅದಕ್ಕೆ ಗುಳಿಗೆ ಬೇಕು, ನಾವು ಬೇಡವೆನ್ನುವುದಿಲ್ಲ. ಆದರೆ ಅದಕ್ಕೊಂದು ಸಂಕವೂ ಬೇಕು.

2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳು ಕಚೇರಿಯ ಕಟ್ಟುಗಳಲ್ಲಿ ಕೂತಿವೆ. ದಲಿತರಿಗೆಂದು ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿಗಾಗಿ ಜಿಲ್ಲೆಯ ಉದ್ದಕ್ಕೂ ಧರಣಿಗಳು ನಡೆದಿವೆ. ಈ ಕಾಯುವಿಕೆಯೂ ರಕ್ತದಲ್ಲೇ ಜಮೆಯಾಗುತ್ತಿದೆ. ಆದ್ದರಿಂದ ಮುಂದಿನ ಸಲ ಶಿಬಿರದವರು ಕಾಲನಿಗೆ ಬಂದಾಗ ಗೆಳೆಯರೇ, ತೋಳು ಚಾಚುವ ಮೊದಲು ಅವರ ರಿಜಿಸ್ಟರು ತೆರೆಸಿ. ಬಿಪಿ, ಶುಗರು ಬರೆಯುವ ಮನೆಗಳ ಪಕ್ಕದಲ್ಲಿ ಇನ್ನೆರಡು ಗೆರೆ ಎಳೆಸಿ: ಹಕ್ಕುಪತ್ರ ಇದೆಯೇ, ಇಲ್ಲವೇ? ಅರ್ಜಿ ಹಾಕಿ ಎಷ್ಟು ವರ್ಷವಾಯಿತು? ತುಂಬಿದ ರಿಜಿಸ್ಟರಿನ ಒಂದು ಪ್ರತಿ ಆರೋಗ್ಯ ಇಲಾಖೆಗೆ ಹೋಗಲಿ. ಇನ್ನೊಂದನ್ನು ನಾವೇ ತಹಶೀಲ್ದಾರರ ಮೇಜಿನ ಮೇಲೆ ಇಡೋಣ.